ಕಣ್ಣೆರಡು ಬಿಟ್ಟು

ನನ್ನನ್ನು ಜೇವರ್ಗಿಯ ಕೋಚಿಂಗ್ ಕಾಲೇಜಿಗೆ ಸೇರಿಸಲು ಹೊರಟ ದಿನ ಅಪ್ಪನ ಹೆಗಲ ಮೇಲೆ ಒಂದು ಕಟ್ಟು ತೊಗರಿ ಕಟ್ಟಿಗೆ ಇತ್ತು. ಟ್ರಂಕು ನನ್ನ ಕೈಯಲ್ಲಿ, ಹಾಸಿಗೆಯ ಸುರುಳಿ ಅವ್ವನ ಕಂಕುಳಲ್ಲಿ. ನಿಂಬರ್ಗಾದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆ ಕಟ್ಟನ್ನು ಕಾಲಿನಿಂದ ಸರಿಸಿ, "ಕಾಕಾ, ಇದೇನ್ರಿ, ಒಲಿಗೇನು?" ಎಂದು ಕೇಳಿದ. "ಸಾಲಿಗೆ" ಅಂದ ಅಪ್ಪ. ಕಂಡಕ್ಟರ್ ನನ್ನ ಮುಖ ನೋಡಿ ನಕ್ಕು ಟಿಕೆಟ್ ಕೊಟ್ಟ. ಅವನಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ.

ತೊಗರಿ ರಾಶಿಯಾದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆಯನ್ನು ಎಲ್ಲರೂ ಒಲೆಗೆ ಒಟ್ಟಿಕೊಳ್ಳುತ್ತಾರೆ, ಇಲ್ಲವೆ ಬೇಲಿ ಕಟ್ಟುತ್ತಾರೆ. ಅಪ್ಪ ಅದರಲ್ಲಿ ಬೆರಳು ದಪ್ಪದ, ನೆಟ್ಟಗಿರುವಂಥವನ್ನು ಆರಿಸಿ ಬೇರೆ ಇಡುತ್ತಿದ್ದ. ದನಗಳು ನೀರು ಕುಡಿಯುವ ದೋಣಿಯಲ್ಲಿ ನೆನೆಹಾಕಿ, ಸಿಪ್ಪೆ ಸುಲಿದು, ಗಂಟು ಕೆತ್ತಿ, ನೆರಳಿನಲ್ಲಿ ಒಣಗಿಸುತ್ತಿದ್ದ. ಹಾಗೆ ಮಾಡಿದ ಕಟ್ಟಿಗೆ ಬಾಗುತ್ತದೆ, ಮುರಿಯುವುದಿಲ್ಲ. ಊರಿನಲ್ಲಿ ಉಳಿದವರು ಮಾಸ್ತರರ ಮನೆಗೆ ಎಳೆ ಜೋಳ ಸುಟ್ಟ ಸೀತನಿ, ಹಸಿ ಕಡಲೆ ಕಳಿಸಿದರೆ ನಮ್ಮ ಮನೆಯಿಂದ ಬೆತ್ತ ಹೋಗುತ್ತಿತ್ತು. "ನಿಮ್ ಹೊಲದ ಕಟ್ಟಿಗಿ ನೋಡಿದ ಕೂಡ್ಲೇ ಹುಡುಗ್ರು ಪಾಠ ಒಪ್ಪಸ್ತಾರ ನೋಡ್ರಿ" ಎಂದು ಹೆಡ್ ಮಾಸ್ತರರು ಹೊಗಳಿದರೆ ಅಪ್ಪ ಉಬ್ಬಿಹೋಗುತ್ತಿದ್ದ. ಒಂದನೆಯ ಇಯತ್ತೆಯಿಂದ ನಾನು ಏಟು ತಿಂದದ್ದೆಲ್ಲ ನಮ್ಮದೇ ಹೊಲದ ಬೆಳೆಯಿಂದ. ಯಾರಾದರೂ ಸ್ವಂತ ಹೊಲದ ತೊಗರಿ ತಿಂದು ಬೆಳೆದೆ ಎಂದು ಹೆಮ್ಮೆಪಟ್ಟರೆ ನನಗೆ ಇವತ್ತಿಗೂ ಬೆನ್ನು ಉರಿಯುತ್ತದೆ.

ಕಾಲೇಜು ಇದ್ದದ್ದು ವಿಜಯಪುರದ ಹೆದ್ದಾರಿಯ ಬದಿಗೆ. ಹಳೆಯ ಹತ್ತಿ ಗೋದಾಮಿಗೆ ನಡುವೆ ತಗಡು ಹೊಡೆದು ಒಂದು ಕಡೆ ಕ್ಲಾಸು, ಇನ್ನೊಂದು ಕಡೆ ಹಾಸ್ಟೆಲು ಮಾಡಿದ್ದರು. ಲಾರಿ ಹೋದಾಗಲೆಲ್ಲ ತಗಡು ಗಡಗಡ ಅನ್ನುತ್ತಿತ್ತು. ನಡೆಸುವವರು ಫಿಸಿಕ್ಸ್ ಕಲಿಸುವ ಒಬ್ಬರು, ಎಲ್ಲರ ಬಾಯಲ್ಲಿ ದೊಡ್ಡ ಸರ್. ಅಪ್ಪ ಕಟ್ಟನ್ನು ಅವರ ಮೇಜಿನ ಪಕ್ಕ ಇಳಿಸಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ಸರ್, ಇಕಿ ಇನ್ನ ನಿಮ್ಮ ಮಗಳು. ಕಣ್ಣೆರಡ ಬಿಟ್ಟು ಎಲ್ಲೆರ ಹೊಡೀರಿ, ನಾ ಕೇಳಂಗಿಲ್ಲ. ಡಾಕ್ಟರ್ ಮಾಡಿ ಕೊಡ್ರಿ."

ಇದು ಅಪ್ಪ ಕಟ್ಟಿದ ಮಾತಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಯಾವ ತಾಲೂಕಿನ ಸಾಲಿಗಾದರೂ ಹೋಗಿ ನೋಡಿ, ಮಗುವನ್ನು ಸೇರಿಸಲು ಬಂದ ತಂದೆ ಇದನ್ನು ಹೇಳದೆ ಏಳುವುದಿಲ್ಲ. ಮನೆಗೆ ಬಂದವರಿಗೆ ಚಹಾ ಕುಡೀರಿ ಅಂದಷ್ಟೇ ಸಹಜವಾದ ಮರ್ಯಾದೆ ಅದು. ಓದಲು ಕಣ್ಣು ಬೇಕಲ್ಲ, ಅದಕ್ಕೆ ಕಣ್ಣಿಗೆ ರಿಯಾಯಿತಿ. ಉಳಿದ ಅಂಗಗಳ ಬಗ್ಗೆ ಯಾರೂ ವಿಚಾರ ಮಾಡಿದಂತಿಲ್ಲ. ದೊಡ್ಡ ಸರ್ ಕಟ್ಟಿನಿಂದ ಒಂದನ್ನು ಎಳೆದು ಗಾಳಿಯಲ್ಲಿ ಬೀಸಿ ನೋಡಿ, "ಛಲೋ ಅದಾವ" ಅಂದರು.

ನಮ್ಮ ಹಿಂದೆಯೇ ಅಫಜಲಪುರದ ಒಬ್ಬ ಹುಡುಗಿ, ಅವಳ ತಾಯಿ ಬಂದು ಕೂತರು. ಬೌದ್ಧರ ಮನೆ, ತಾಯಿ ಪ್ರಾಥಮಿಕ ಸಾಲಿಯ ಅಕ್ಕೋರು. ದೊಡ್ಡ ಸರ್ ನಗುತ್ತ ಅವರ ಕಡೆ ತಿರುಗಿದರು, ಅದೇ ಮಾತು ಬರುತ್ತದೆ ಎಂದು. ಆ ತಾಯಿ ಚೀಲ ಸಹ ಕೆಳಗೆ ಇಡದೆ, "ಸರ್, ನನ್ನ ಮಗಳಿಗೆ ಯಾರೂ ಕೈ ಹಚ್ಚಂಗಿಲ್ಲರಿ. ಓದಲಿಲ್ಲಂದ್ರ ನನಗ ಫೋನ್ ಮಾಡ್ರಿ, ಕರಕೊಂಡು ಹೋಗ್ತೇನಿ. ಹೊಡದ್ರ ಮಾತ್ರ ಸೀದಾ ಠಾಣೆಗೆ ಹೋಗ್ತೇನಿ" ಅಂದರು. ಹೊರಗೆ ಬಂದ ಮೇಲೆ ಅಪ್ಪ, "ಆ ಹುಡುಗಿ ಓದಂಗಿಲ್ಲ ಬಿಡು. ಅವ್ವನ ಸೊಕ್ಕು ನೋಡಿದಿಲ್ಲ?" ಎಂದ. ನನಗೂ ಹಾಗೇ ಅನ್ನಿಸಿತ್ತು.

ಗೇಟಿನ ಹತ್ತಿರ ಅಪ್ಪ ನನಗೊಂದು ಮಾತು ಕೊಟ್ಟ. "ಮನಿಗೊಬ್ಬ ಡಾಕ್ಟರ್ ಸಾಕು. ನೀ ಸೀಟ್ ಹೊಡಿ, ಸಣ್ಣಾಕಿನ್ನ ನಾ ಇಲ್ಲಿಗಿ ತರಂಗಿಲ್ಲ. ನಿನಗ ಆಗಲಿಲ್ಲಂದ್ರ ಆಕಿನ್ನೂ ತಂದು ಹಾಕ್ತೇನಿ." ಸಣ್ಣಾಕಿ ಅಂದರೆ ನನ್ನ ತಂಗಿ, ಆಗ ಒಂಬತ್ತನೆಯ ಇಯತ್ತೆಗೆ ಕಾಲಿಟ್ಟಿದ್ದಳು. ಕಟ್ಟಿಗೆ ಬೀಸುವ ಸುಂಯ್ ಸದ್ದು ಕಿವಿಗೆ ಬಿದ್ದರೆ ಸಾಕು, ಏಟು ಬೇರೆಯವರಿಗಾದರೂ ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಆ ವಯಸ್ಸಿಗೂ. ಅಂಥವಳು ಈ ಗೋದಾಮಿನಲ್ಲಿ ಒಂದು ದಿನ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಡಾಕ್ಟರ್ ಆಗಬೇಕೆಂದು ಹಟ ತೊಟ್ಟದ್ದು ರೋಗಿಗಳ ಸೇವೆಗಲ್ಲ, ಆ ಒಂದು ಮಾತಿಗೆ.

ಅಲ್ಲಿನ ಹೊಡೆತದ ಲೆಕ್ಕಾಚಾರ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ದಡ್ಡರಿಗೆ ಹೊಡೆಯುತ್ತಿರಲಿಲ್ಲ. ಅವರಿಗೆ ಹೊಡೆದು ಯಾರಿಗೇನು ಸಿಗಬೇಕು? ಅವರು ಹಿಂದಿನ ಬೆಂಚಿನಲ್ಲಿ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ಏಟು ಬೀಳುತ್ತಿದ್ದದ್ದು ನಮಗೆ, ಮುಂದಿನ ಸಾಲಿನವರಿಗೆ, ಯಾರ ಫೋಟೋ ಜೇವರ್ಗಿಯ ಸರ್ಕಲ್ಲಿನ ಬ್ಯಾನರಿನಲ್ಲಿ ಬರಬಹುದೆಂದು ಆಸೆ ಇತ್ತೋ ಅವರಿಗೆ. ಒಂದು ಉತ್ತರ ತಪ್ಪಿದರೆ ಅಂಗೈಗೆ, ಅದೇ ತಪ್ಪು ಮರುದಿನ ಮಾಡಿದರೆ ಮೊಣಕಾಲಿನ ಹಿಂದಕ್ಕೆ, ಮೂರನೆಯ ದಿನ ಬೆನ್ನಿಗೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹಿಂದಿನ ದಿನದ ಟೆಸ್ಟಿನ ಏಟುಗಳು. ಆಮೇಲೆ ಉಪ್ಪಿಟ್ಟು. ಊದಿದ ಬೆರಳಿನಲ್ಲಿ ಚಮಚ ಹಿಡಿಯುವುದು ಒಂದು ವಿದ್ಯೆ, ಅದನ್ನೂ ಕಲಿತೆವು.

ನನಗೆ ಅದರಲ್ಲಿ ಒಂಥರಾ ಹಮ್ಮು ಬಂದಿತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ಸ್ನಾನದ ಮನೆಯಲ್ಲಿ ಹುಡುಗಿಯರು ಒಬ್ಬರ ಬಾಸುಂಡೆ ಒಬ್ಬರು ನೋಡುತ್ತಿದ್ದೆವು. ಹೆಚ್ಚು ಬಾಸುಂಡೆ ಇದ್ದವಳು ಹೆಚ್ಚು ಜಾಣೆ. ನನ್ನ ಬೆನ್ನು ನೋಡಿ ಬೇರೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಓದುವಾಗ ಕಣ್ಣು ಎಳೆದರೆ ನಾನೇ ತೊಡೆ ಚಿವುಟಿಕೊಳ್ಳುತ್ತಿದ್ದೆ, ಲೆಕ್ಕ ಬಿಡಿಸಲಾಗದಿದ್ದರೆ ಹಣೆಯನ್ನು ತಗಡಿಗೆ ಬಡಿಯುತ್ತಿದ್ದೆ. ಸರ್ ಕೈಗೆ ಬಿಡುವಿದ್ದಾಗ ಆ ಕೆಲಸ ನನ್ನ ಕೈ ಮಾಡುತ್ತಿತ್ತು.

ಅಫಜಲಪುರದವಳಿಗೆ ಮಾತ್ರ ಬಾಸುಂಡೆ ಇರಲಿಲ್ಲ. ದೊಡ್ಡ ಸರ್ ಕಟ್ಟಿಗೆ ಹಿಡಿದು ಸಾಲಿನುದ್ದಕ್ಕೂ ಬಂದು ಅವಳ ಮುಂದೆ ತಡೆದು, ಹಲ್ಲು ಕಚ್ಚಿ, ಮುಂದಿನವಳಿಗೆ ಎರಡು ಏಟು ಹೆಚ್ಚು ಹಾಕುತ್ತಿದ್ದರು. ಅವಳ ಪಾಲಿನದು. ಆ ಮುಂದಿನವಳು ಸಾಮಾನ್ಯವಾಗಿ ನಾನೇ. ಮೊದಮೊದಲು ನಾನು ಅವಳ ಮುಖ ಸಹ ನೋಡುತ್ತಿರಲಿಲ್ಲ. ಒಂದು ದಿನ ಅವಳು ನನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಲು ಬಂದಾಗ, "ಹೋಗ್ ಬೇ, ನಿಮ್ಮವ್ವನ್ನ ಕರಿ, ಠಾಣೆಗೆ ಹೋಗು" ಅಂದು ಕೈ ಜಾಡಿಸಿದೆ. ಅವಳು ಡಬ್ಬಿ ನನ್ನ ತಲೆದಿಂಬಿನ ಪಕ್ಕ ಇಟ್ಟು ಹೋದಳು. ಉರಿ ತಡೆಯಲಾಗದೆ ಆಮೇಲೆ ನಾನೇ ಹಚ್ಚಿಕೊಂಡೆ.

ಎರಡನೆಯ ವರ್ಷ, ಪರೀಕ್ಷೆ ಹತ್ತಿರ ಬಂದಾಗ, ಒಂದು ಭಾನುವಾರ ಪಾಲಕರನ್ನೆಲ್ಲ ಕರೆಸಿದ್ದರು. ಅಂಗಳದಲ್ಲಿ ಶಾಮಿಯಾನ ಹಾಕಿ, ಕುರ್ಚಿ ಹಾಕಿ, ದೊಡ್ಡ ಸರ್ ಮೈಕಿನಲ್ಲಿ ಕಡೆಯ ದೊಡ್ಡ ಟೆಸ್ಟಿನ ರ‍್ಯಾಂಕು ಓದಿದರು. ಮೊದಲು ಅಫಜಲಪುರದವಳು. ಎರಡನೆಯವಳು ನಾನು. ಅವ್ವ ಹಿಂದಿನ ಕುರ್ಚಿಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ಎರಡನೆಯದು ಅಂದರೆ ಅವಳಿಗೆ ಸಂತೋಷವೇ.

ದೊಡ್ಡ ಸರ್ ಮೈಕು ಹಿಡಿದುಕೊಂಡೇ ಅಪ್ಪನನ್ನು ಮುಂದಕ್ಕೆ ಕರೆದರು. "ನೋಡ್ರಿ ಯಜಮಾನ್ರ, ಈ ಹುಡುಗಿಗೆ ಒಂದು ಏಟಿಲ್ಲ, ಫಸ್ಟ್ ಬಂದಾಳ. ನಿಮ್ಮಾಕಿ ಮ್ಯಾಲೆ ನಿಮ್ಮ ಹೊಲದ ಕಟ್ಟಿಗಿ ಎಲ್ಲಾ ತೀರಿದ್ವು. ಹೊಲಾ ಖಾಲಿ, ಮಗಳು ಸೆಕೆಂಡ್."

ಶಾಮಿಯಾನದ ಕೆಳಗೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ನನ್ನ ಕಡೆ ತಿರುಗಿ ಹೊಡೆದ. ಅಂಗೈ ತೆರೆದು, ತೋಳು ಪೂರ್ತಿ ಬೀಸಿ, ಎಡಗಿವಿಗೆ. ಮೈಕು ಹತ್ತಿರವೇ ಇದ್ದದ್ದರಿಂದ ಆ ಸದ್ದು ಹೆದ್ದಾರಿಯವರೆಗೂ ಕೇಳಿಸಿರಬೇಕು. ನಾನು ನೀರಿನ ಡ್ರಮ್ಮಿಗೆ ತಾಗಿ ಬಿದ್ದೆ. ತಲೆಯ ಒಳಗೆ ಏನೋ ಹರಿಯಿತು, ಒಣಗಿದ ಬಟ್ಟೆ ಎಳೆದು ಹರಿದ ಹಾಗೆ, ಆಮೇಲೆ ಬರೀ ಸೀಟಿ. ಅವ್ವ ಎದ್ದು ಬಂದವಳು ಅಪ್ಪನ ಹತ್ತಿರ ಬರುತ್ತಲೇ ತಲೆ ತಗ್ಗಿಸಿ, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮನೆಯಲ್ಲಿ ಅಪ್ಪ ಕೈ ಎತ್ತಿದಾಗಲೆಲ್ಲ ಅವಳು ಹಾಗೆ ಹಿಡಿಯುತ್ತಿದ್ದಳು.

ಅಪ್ಪ ಬಗ್ಗಿ ನನ್ನ ಗದ್ದ ಹಿಡಿದು ಮೇಲೆತ್ತಿದ. ಒಂದು ಕಣ್ಣು ನೋಡಿದ, ಇನ್ನೊಂದು ಕಣ್ಣು ನೋಡಿದ. "ಕಣ್ಣಿಗೇನ್ ತಾಗಿಲ್ಲ" ಅಂದ, ದೊಡ್ಡ ಸರ್‌ಗೆ, ಸಮಾಧಾನದಿಂದ. ನನ್ನ ಕಿವಿಯಿಂದ ಒಂದು ಹನಿ ರಕ್ತ ಕುತ್ತಿಗೆಗೆ ಇಳಿದದ್ದನ್ನು ನೋಡಿದವಳು ಅಫಜಲಪುರದವಳು. ಅವಳ ತಾಯಿ ಎದ್ದು ನಿಂತು, "ಇದೇನ್ ಮಂದಿರಿ ನೀವು" ಎಂದು ಚೀರುತ್ತಿದ್ದರು. ನನಗೆ ಅರ್ಧ ಮಾತ್ರ ಕೇಳಿಸಿತು.

ಕಿವಿ ಕೇಳುತ್ತಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ದವಾಖಾನೆ, ದವಾಖಾನೆ ಅಂದರೆ ಓದು ಹಾಳು, ಓದು ಹಾಳಾದರೆ ತಂಗಿ ಇಲ್ಲಿ. ಅಫಜಲಪುರದವಳಿಗೆ ಮಾತ್ರ ಹೇಳದೆಯೇ ತಿಳಿಯಿತು. ಮರುದಿನದಿಂದ ಅವಳು ನನ್ನ ಎಡಗಡೆ ಬಂದು ಕೂತಳು. ದೊಡ್ಡ ಸರ್ ಆ ಕಡೆಯಿಂದ ಪ್ರಶ್ನೆ ಕೇಳಿದರೆ ಅವಳು ತನ್ನ ಪುಸ್ತಕದ ಮೂಲೆಯಲ್ಲಿ ಅದನ್ನು ಬರೆದು ನನ್ನ ಕಡೆ ಸರಿಸುತ್ತಿದ್ದಳು. ಇನ್ನು ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಬೋರ್ಡ್ ಪರೀಕ್ಷೆಗೆ ಮೊದಲು ಓದಲು ರಜೆ ಕೊಟ್ಟಾಗ ಮನೆಗೆ ಹೋದೆ. ಆ ಹೊತ್ತಿಗೆ ಕಿವಿ ಒಳಗೊಳಗೆ ಜುಮುಗುಡುತ್ತಿತ್ತು. ಅವ್ವನಿಗೆ ಕಿವಿನೋವು ಅಂದೆ, ಅಷ್ಟೇ. ಅವಳು ಒಲೆ ಹಚ್ಚಿದಳು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಪ್ಪಗಾಗುವ ತನಕ ಕಾಯಿಸಿ, ಆರಿಸಿ, ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಹನಿಹನಿಯಾಗಿ ಕಿವಿಗೆ ಬಿಟ್ಟಳು. ಅವಳಿಗೆ ಅವಳವ್ವ ಹಾಗೇ ಬಿಡುತ್ತಿದ್ದಳಂತೆ. ಎಣ್ಣೆ ಬೆಚ್ಚಗೆ ಇಳಿಯಿತು, ಇಳಿದು ಗಂಟಲಿಗೆ ಬಂತು. ಬೆಳ್ಳುಳ್ಳಿಯ ಖಾರ ನಾಲಿಗೆಯ ಬುಡದಲ್ಲಿ ಗೊತ್ತಾಯಿತು.

ಕಿವಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದರಲ್ಲಿ ನಾನು ಒಂದು ಅಂಕವನ್ನೂ ಬಿಟ್ಟವಳಲ್ಲ. ಕಿವಿಗೆ ಬಿಟ್ಟದ್ದು ಗಂಟಲಿಗೆ ಬರಬೇಕಾದರೆ ನಡುವಿನ ಪರದೆ ಹರಿದಿರಬೇಕು ಎಂದು ಆ ತೊಡೆಯ ಮೇಲೆ ಮಲಗಿಯೇ ತಿಳಿದುಕೊಂಡೆ. ಅಲ್ಲಿಗೆ ಎಣ್ಣೆ ಹೋಗಬಾರದೆಂದೂ ತಿಳಿದಿತ್ತು. ಆದರೂ ಎದ್ದೇಳಲಿಲ್ಲ. ಅವ್ವ ಇನ್ನೊಂದು ಕೈಯಿಂದ ನನ್ನ ಕೂದಲು ಸವರುತ್ತಿದ್ದಳು. ಎರಡು ವರ್ಷದಲ್ಲಿ ಹೊಡೆಯಲಿಕ್ಕಲ್ಲದೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ರಜೆ ಮುಗಿಯುವ ತನಕ ದಿನಾ ಅವಳು ಎಣ್ಣೆ ಬಿಟ್ಟಳು, ನಾನು ದಿನಾ ಹೋಗಿ ಅವಳ ತೊಡೆಯ ಮೇಲೆ ಮಲಗಿದೆ.

ಬೋರ್ಡ್ ಪರೀಕ್ಷೆ ಮುಗಿಯಿತು. ಡಾಕ್ಟರ್ ಸೀಟಿನ ಎಂಟ್ರೆನ್ಸ್ ಬರೆದದ್ದು ಕಲಬುರಗಿಯಲ್ಲಿ, ಬಿಸಿಲು ಕುದಿಯುವ ಮಧ್ಯಾಹ್ನ. ಗೇಟಿನ ತಪಾಸಣೆಯಲ್ಲಿ ಕಿವಿಗೆ ಇಟ್ಟುಕೊಂಡಿದ್ದ ಅರಳೆ ತೆಗೆಸಿದರು. ಕೀವು ಸೋರಿ ಕುತ್ತಿಗೆಗೆ ಬರುತ್ತಿತ್ತು, ತೋಳಿನಿಂದ ಒರೆಸಿಕೊಳ್ಳುತ್ತ ಬರೆದೆ. ಪಕ್ಕದಲ್ಲಿ ಕೂತವನು ಮೂಗು ಮುಚ್ಚಿಕೊಂಡ. ಒಂದು ಲಾಭವೂ ಆಯಿತು: ಎಡಗಡೆಯ ಯಾವ ಗದ್ದಲವೂ ನನ್ನ ಗಮನ ಕೆಡಿಸಲಿಲ್ಲ.

ಫಲಿತಾಂಶ ಬಂತು. ಅಫಜಲಪುರದವಳಿಗೂ ಸೀಟು, ನನಗೂ ಸೀಟು. ಜೇವರ್ಗಿಯ ಸರ್ಕಲ್ಲಿನಲ್ಲಿ ನಮ್ಮಿಬ್ಬರ ಮುಖ ಬಾಗಿಲಿನಷ್ಟು ದೊಡ್ಡದಾಗಿ ತೂಗಿತು. ಅಪ್ಪ ಊರಿಗೆಲ್ಲ ಪೇಡೆ ಹಂಚಿದ. ತಂಗಿ ನನ್ನನ್ನು ಅಪ್ಪಿಕೊಂಡು ಅತ್ತಳು. ಯಾಕೆ ಅಳುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತು. ಅವಳ ಹತ್ತನೆಯ ಇಯತ್ತೆ ಅದೇ ವರ್ಷ ಮುಗಿದಿತ್ತು, ಆಳಂದದ ಸರ್ಕಾರಿ ಕಾಲೇಜಿಗೆ ಹೋಗುತ್ತೇನೆ, ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಎಂದು ಕುಣಿದಾಡುತ್ತಿದ್ದಳು.

ಅದೇ ವಾರ ದನದ ದೋಣಿಯಲ್ಲಿ ಹೊಸ ಕಟ್ಟಿಗೆ ನೆನೆಯುತ್ತಿರುವುದನ್ನು ಕಂಡೆ.

"ಇವು ಯಾರಿಗಪ್ಪ?" ಅಂದೆ.

"ದೊಡ್ಡ ಸರ್‌ಗೆ. ಸಣ್ಣಾಕಿನ್ನ ಸೋಮವಾರ ಬಿಟ್ಟು ಬರೂದು."

"ನೀ ನನಗ ಮಾತ್ ಕೊಟ್ಟಿದ್ದಿ. ನನಗ ಸೀಟ್ ಸಿಕ್ರ ಆಕಿನ್ನ ಕಳಸಂಗಿಲ್ಲ ಅಂದಿದ್ದಿ."

ಅಪ್ಪ ನಿಜಕ್ಕೂ ಆಶ್ಚರ್ಯಪಟ್ಟ. "ಮಾತ್ ಕೊಟ್ಟಾಗ ಇವು ಇಷ್ಟ್ ಕೆಲಸ ಮಾಡ್ತಾವಂತ ನನಗೇನ್ ಗೊತ್ತಿತ್ತು?" ಎಂದು ದೋಣಿಯಿಂದ ಒಂದನ್ನು ಎತ್ತಿ ನೀರು ಜಾಡಿಸಿದ. ಸುಂಯ್ ಅಂತು. ಒಳಗೆ ತಂಗಿ ಕೈಯಲ್ಲಿದ್ದ ತಟ್ಟೆ ಬಿಟ್ಟಳು.

ನಾನು ಎಲ್ಲಿ ತಪ್ಪಿದೆ ಎಂದು ಆಗ ತಿಳಿಯಿತು. ನಪಾಸಾಗಿದ್ದರೆ ಹಟಕ್ಕೆ ತಂಗಿಯನ್ನು ಅಲ್ಲಿಗೆ ಹಾಕುತ್ತಿದ್ದ, ಪಾಸಾದದ್ದಕ್ಕೆ ಖುಷಿಯಿಂದ ಹಾಕುತ್ತಿದ್ದಾನೆ. ನನ್ನ ಅಂಕಗಳು ಅಪ್ಪನ ಕಟ್ಟಿಗೆಗೆ ಬಿದ್ದ ಅಂಕಗಳಾಗಿದ್ದವು. ಅವನನ್ನು ಕೊಲ್ಲಬೇಕು ಅನ್ನಿಸಿತು, ಸುತ್ತುಬಳಸಿ ಹೇಳುವುದೇನಿದೆ.

ಸೋಮವಾರ ಅವರ ಜೊತೆ ನಾನೂ ಹೋದೆ. ಅವ್ವ ಹೊಲಕ್ಕೆ ಹೋಗಿದ್ದಳು. ಭೀಮಾ ಸೇತುವೆ ದಾಟುವಾಗ ತಂಗಿ ನನ್ನ ಕೈ ಹಿಡಿದಿದ್ದವಳು ಬಿಡಲೇ ಇಲ್ಲ. ಅದೇ ಕೋಣೆ, ಅದೇ ಮೇಜು, ಮೇಜಿನ ಮೇಲೆ ನನ್ನ ಫೋಟೋ ಇರುವ ಕರಪತ್ರ. ದೊಡ್ಡ ಸರ್ ನನಗೆ ಕುರ್ಚಿ ಕೊಟ್ಟು, "ಡಾಕ್ಟರ್ ಮೇಡಂ, ಕುಂದರ್ರಿ" ಅಂದರು. ಬೇರೆ ಪಾಲಕರು ನನ್ನನ್ನು ತಮ್ಮ ಮಕ್ಕಳಿಗೆ ಬೆರಳು ಮಾಡಿ ತೋರಿಸಿದರು. ಅಪ್ಪ ಕಟ್ಟು ಇಳಿಸಿ, ಟೊಪ್ಪಿಗೆ ತೆಗೆದ.

"ಸರ್, ಇಕಿನೂ ನಿಮ್ಮ ಮಗಳು. ಕಣ್ಣೆರಡ ಬಿಟ್ಟು..."

"ಕಿವಿನೂ ಬಿಡ್ರಿ ಅಂತ ಹೇಳಪ್ಪಾ" ಅಂದೆ.

ಎಲ್ಲರೂ ನಕ್ಕರು. ದೊಡ್ಡ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ, ಶಾಮಿಯಾನದ ಕೆಳಗೆ ನಕ್ಕ ಹಾಗೆಯೇ. ಆ ನಗು ನೋಡಿದ್ದೇ ತಡ ನನ್ನ ಕೈ ಕಟ್ಟಿನಿಂದ ಒಂದು ಕಟ್ಟಿಗೆ ಎಳೆಯಿತು.

ಮೊದಲ ಏಟು ಅಪ್ಪನ ತೋಳಿನ ಮೇಲೆ ಬಿತ್ತು. ಅಂಗಿ ಹರಿಯಿತು. ಅಪ್ಪ ಕೈ ಅಡ್ಡ ತಂದ, ಅಂಗೈಗೆ ಬಿತ್ತು. ಹಿಂದಕ್ಕೆ ಸರಿದ, ಮೊಣಕಾಲಿನ ಹಿಂದಕ್ಕೆ ಬಿತ್ತು. ಅಲ್ಲಿ ಹೊಡೆದರೆ ಹೇಗೆ ನೋಯುತ್ತದೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಗಾಜು ಒಡೆಯಿತು, ಕರಪತ್ರಗಳು ಹಾರಿದವು. "ಏ ಹುಚ್ಚ್ ಹುಡುಗಿ, ಹಿಡೀರಿ ಆಕಿನ್ನ" ಎಂದು ದೊಡ್ಡ ಸರ್ ಕುರ್ಚಿಯ ಹಿಂದೆ ಹೋಗಿ ನಿಂತು ಕೂಗುತ್ತಿದ್ದರು. ಯಾರೂ ಹಿಡಿಯಲು ಬರಲಿಲ್ಲ. ಕಟ್ಟಿಗೆ ಮುರಿಯಲಿಲ್ಲ. ಅಪ್ಪನ ಕೆಲಸ ಯಾವಾಗಲೂ ಅಚ್ಚುಕಟ್ಟು.

ಹೊಡೆಯುತ್ತ ನಾನು ಕಿರುಚುತ್ತಿದ್ದೆ. "ಈ ಕಿವಿ ಕೇಳಂಗಿಲ್ಲ ನನಗ! ನೀ ಹೊಡದ ದಿನದಿಂದ ಕೇಳಂಗಿಲ್ಲ! ಕಣ್ಣ್ ನೋಡಿದಿ, ಕಿವಿ ನೋಡಿದೇನು? ನೋಡಿದೇನು?" ಅಪ್ಪ ಮೂಲೆಗೆ ಕುಸಿದು ಕೂತ. ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದ. ಮುಖ ನನ್ನ ಎದುರಿಗೇ ಇತ್ತು. ಕಣ್ಣೆರಡು ಬಿಟ್ಟೆ.

ನಾನು ನಿಂತದ್ದು ತಂಗಿಯಿಂದ. ಅವಳು ಗೋಡೆಗೆ ಒತ್ತಿ ನಿಂತಿದ್ದಳು, ಅವಳ ಲಂಗದಿಂದ ನೀರು ಇಳಿದು ನೆಲದ ಮೇಲೆ ಹರಿದು ಅಪ್ಪನ ಧೋತರದ ತುದಿ ಮುಟ್ಟಿತ್ತು. ಅವಳನ್ನು ಉಳಿಸಲು ಬಂದವಳು ಅವಳಿಗೆ ಅದನ್ನೇ ಮಾಡಿದ್ದೆ. ಅಪ್ಪ ಆ ನೀರು ನೋಡಿದ, ಅವಳನ್ನು ನೋಡಿದ. ಹತ್ತನೆಯ ಇಯತ್ತೆ ಮುಗಿಸಿದ ಮಗಳು, ಅಷ್ಟು ಜನರ ಮುಂದೆ. ಗೋಡೆ ಹಿಡಿದು ಎದ್ದು, ಟೊಪ್ಪಿಗೆ ಹುಡುಕಿ ಹಾಕಿಕೊಂಡು, "ನಡೀರಿ, ಮನಿಗೆ ಹೋಗೂನು" ಅಂದ. ಟ್ರಂಕು ಅವನೇ ಎತ್ತಿಕೊಂಡ. ಕಟ್ಟಿಗೆಯ ಕಟ್ಟು ಅಲ್ಲೇ ಉಳಿಯಿತು, ಅದನ್ನು ವಾಪಸು ತರಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅದು ಯಾರದೋ ಬೆನ್ನಿನ ಮೇಲೆ ಆಡಿರಬಹುದು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಂಜೆ ಅವ್ವ ಅಪ್ಪನ ತೋಳು ನೋಡಿ, "ಇದೇನ್ ಆತು?" ಅಂದಳು. "ಬಸ್ಸಿನ ತಗಡು ತಾಗೇದ" ಅಂದ ಅಪ್ಪ. ತೊಗರಿ ಕಟ್ಟಿಗೆಯ ಬಾಸುಂಡೆ ಹೇಗಿರುತ್ತದೆಂದು ಅವ್ವನಿಗೆ ಗೊತ್ತಿಲ್ಲವೇ? ಅವಳು ಅರಿಶಿನ ಹಚ್ಚಿದಳು, ಮತ್ತೇನೂ ಕೇಳಲಿಲ್ಲ. ತಂಗಿ ಆಳಂದದ ಕಾಲೇಜಿಗೆ ಸೇರಿದಳು. ಈಗ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ, ಕಟ್ಟಿಗೆಯ ಸದ್ದಿಗೆ ಈಗಲೂ ಅವಳ ಮುಖ ಬೆಳ್ಳಗಾಗುತ್ತದೆ.

ಅದೇ ವರ್ಷ ನನ್ನ ಮೆಡಿಕಲ್ ಕಾಲೇಜಿನ ಪ್ರವೇಶಕ್ಕೆ ಮೊದಲು ಮೈ ತಪಾಸಣೆ ಇತ್ತು. ಅದಕ್ಕೆ ಅಪ್ಪ ಅವ್ವ ಇಬ್ಬರೂ ಬಂದಿದ್ದರು. ನಾನು ಹೊಡೆದ ದಿನದಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ, ನಾನೂ ಬಿಟ್ಟಿದ್ದೆ. ಅವ್ವ ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಳು, ಅಪ್ಪ ನನ್ನ ಹಿಂದೆ ಒಳಗೆ ಬಂದ. ಕಿವಿಯ ಡಾಕ್ಟರ್ ನಮ್ಮಪ್ಪನ ವಯಸ್ಸಿನವರು. ಹಣೆಯ ದೀಪ ಹಚ್ಚಿ ಬಹಳ ಹೊತ್ತು ಒಳಗೆ ನೋಡಿದರು, ಯಂತ್ರ ಹಾಕಿ ಸದ್ದು ಕೇಳಿಸಿದರು. ಎಡಗಡೆ ನನಗೆ ಏನೂ ಕೇಳಿಸಲಿಲ್ಲ.

"ಪ್ರವೇಶಕ್ಕೇನೂ ತೊಂದರೆ ಇಲ್ಲ. ಆದರೆ ಈ ಕಿವಿ ಹೋಗಿದೆ. ಹೊಡೆತಕ್ಕೆ ಪರದೆ ಹರಿದಿದೆ. ಯಾರು ಹೊಡೆದದ್ದು?"

ಅಪ್ಪ ಬಿದ್ದಾಳ್ರಿ ಅನ್ನುತ್ತಾನೆ, ಹಾಗಂದರೆ ನಾನು ಇಲ್ಲೇ ಕಿರುಚುತ್ತೇನೆ ಎಂದು ಹಲ್ಲು ಕಚ್ಚಿ ಕೂತಿದ್ದೆ. ಅಪ್ಪ ಟೊಪ್ಪಿಗೆ ತೆಗೆದ.

"ನಾನ್ರಿ" ಅಂದ.

ಡಾಕ್ಟರ್ ದೀಪ ಆರಿಸಿದರು. "ಬರೀ ಹರಿದಿದ್ದರೆ ಒಣಗಲು ಬಿಟ್ಟರೆ ತಾನೇ ಕೂಡಿಕೊಳ್ಳುತ್ತಿತ್ತು. ಇದಕ್ಕೆ ಎಣ್ಣೆ ಬಿಟ್ಟಿದ್ದಾರೆ. ಅದರಿಂದ ಕೀವಾಗಿ ಒಳಗಿನ ಎಲುಬು ಸಹ ಕೊಳೆತಿದೆ. ಆ ಹೊಡೆತಕ್ಕಿಂತ ಎಣ್ಣೆಯೇ ಕಿವಿ ತೆಗೆದದ್ದು. ಎಣ್ಣೆ ಹಾಕಿದ್ದು ಯಾರು?"

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಅವ್ವನ ಸೀರೆಯ ಅಂಚು ಕಾಣುತ್ತಿತ್ತು. ಅಪ್ಪ ಆ ಕಡೆ ಒಮ್ಮೆ ನೋಡಿ, ಹೋಗಿ ಬಾಗಿಲು ಹಾಕಿ ಬಂದು ನಿಂತ.

"ಅದೂ ನಾನ್ರಿ" ಅಂದ.

ಅಪ್ಪ ನನಗೆ ಎಣ್ಣೆ ಬಿಟ್ಟವನಲ್ಲ. ಎಣ್ಣೆಯ ಬಟ್ಟಲು ಎಲ್ಲಿರುತ್ತದೆಂದೂ ಅವನಿಗೆ ಗೊತ್ತಿಲ್ಲ. ಡಾಕ್ಟರ್ ಅವನಿಗೆ ಬಾಯಿಗೆ ಬಂದಂತೆ ಬೈದರು, ನೀವು ತಂದೆಯೋ ಕಟುಕನೋ ಅಂದರು. ಅಪ್ಪ ತಲೆ ತಗ್ಗಿಸಿ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಅನ್ನುತ್ತಿದ್ದ. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಆದರೆ ಎಣ್ಣೆ ಬಿಟ್ಟದ್ದು ಅವ್ವ ಎಂದು ನಾನೂ ಡಾಕ್ಟರಿಗೆ ಹೇಳಲಿಲ್ಲ.

ಹೊರಗೆ ಬಂದ ಕೂಡಲೇ ಅವ್ವ ಎದ್ದು ನಿಂತಳು. "ಡಾಕ್ಟರ್ ಏನಂದ್ರು? ಕಿವಿ ಆರಾಮ ಆಗ್ತೈತಂತ?"

"ಏನಿಲ್ಲವ್ವ, ಸೀಟಿಗೇನ್ ತೊಂದ್ರಿ ಇಲ್ಲಂತ" ಅಂದೆ.

"ಇವತ್ತ ಮನಿಗಿ ಹೋಗಿ ಮತ್ತ ನಾಕ್ ಹನಿ ಎಣ್ಣಿ ಬಿಡ್ತೇನಿ ತಡಿ. ಆಗ ಬಿಟ್ಟಿದ್ದಕ್ಕ ಇಷ್ಟರ ಉಳದೈತಿ."

"ಎಣ್ಣಿ ಬ್ಯಾಡ" ಅಂದ ಅಪ್ಪ. ದನಿ ಒಡೆದು ಜೋರಾಗಿ ಬಂತು, ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅನ್ನುತ್ತಲೇ ಅವನ ಬಲಗೈ ಮೇಲಕ್ಕೆ ಬಂತು.

ಅವ್ವ ತಲೆ ತಗ್ಗಿಸಿ ಮೊಣಕೈ ಮುಖಕ್ಕೆ ಅಡ್ಡ ಹಿಡಿದಳು. ನನ್ನ ಕೈ ನನಗೇ ತಿಳಿಯದೆ ಎಡಗಿವಿಯನ್ನು ಮುಚ್ಚಿಕೊಂಡಿತ್ತು. ಅಪ್ಪ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಕೈ ಹಾಗೇ ಗಾಳಿಯಲ್ಲಿತ್ತು.

"ಚೀಲ ಇಸಗೊಳ್ಳಾಕ ಎತ್ತಿದೆ" ಅಂದ.

ಅವ್ವನಿಗೆ ಮೊಣಕೈ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚೀಲ ಕೊಟ್ಟಳು. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಮ್ಮ ಮುಂದೆ ನಡೆದ. ಬಸ್ ಸ್ಟ್ಯಾಂಡ್ ಮುಟ್ಟುವ ತನಕ ಆ ಕೈ ಬಿಚ್ಚಲಿಲ್ಲ.